ಹಾರದ ಗುಂಡು, ಬುಡದ ನೆಗ್ಗು: ರೈಫಲ್ ಪ್ರೈಮರಿನ ದೋಷ ಪತ್ತೆಹಚ್ಚುವ ಬಗೆ

(ಪರವಾನಗಿ ಹೊಂದಿದ ಬಂದೂಕುದಾರರು ಮತ್ತು ಗುರಿಕಾರರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಟ್ರಿಗರ್ ಒತ್ತಿದಾಗ ತೋಟಾದ ಬುಡಕ್ಕೆ ಫೈರಿಂಗ್ ಪಿನ್ ಎಂಬ ಮೊಳೆ ಬಡಿದ ಸದ್ದಷ್ಟೇ ಕೇಳಿ ಗುಂಡು ಹಾರದೆ ಹೋದರೆ, ಅಕ್ಕಪಕ್ಕದಲ್ಲಿ ನಿಂತವರು ಮೊದಲು ಹೇಳುವ ಮಾತು "ಪ್ರೈಮರ್ ಕೆಟ್ಟಿದೆ", ಅಂದರೆ ಮದ್ದನ್ನು ಹೊತ್ತಿಸುವ ಬುಡದ ಕೇಪು ಕೆಟ್ಟಿದೆ, ಎಂಬುದು. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಆ ತೋಟಾದ ಬುಡವನ್ನು ತಿರುಗಿಸಿ ನೋಡುವ ಮೊದಲೇ ತೀರ್ಮಾನಕ್ಕೆ ಬಂದಿರುತ್ತಾರೆ. ಒಳ್ಳೆಯ ಕಾರ್ಖಾನೆಯಲ್ಲಿ ತಯಾರಾದ ಇಂದಿನ ಪ್ರೈಮರ್ ತಾನಾಗಿಯೇ ಕೆಟ್ಟಿರುವುದು ಅಪರೂಪ ಎಂಬುದನ್ನೂ, ಪ್ರೈಮರಿನ ಮೇಲೆ ಹೊರಿಸುವ ದೋಷದಲ್ಲಿ ದೊಡ್ಡ ಪಾಲು ರೈಫಲ್ಲಿನದ್ದೋ, ತೋಟಾ ಜೋಡಿಸಿದವರದ್ದೋ, ಅದನ್ನು ಇಟ್ಟ ಜಾಗದ್ದೋ ಆಗಿರುತ್ತದೆ ಎಂಬುದನ್ನೂ ಈ ಮಾತಿನಲ್ಲಿ ತೋರಿಸಲು ಪ್ರಯತ್ನಿಸುತ್ತೇನೆ. ಇದನ್ನು ಬೇರ್ಪಡಿಸಿ ನೋಡುವುದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಭೂತಗನ್ನಡಿ, ಒಳ್ಳೆಯ ಬೆಳಕು ಮತ್ತು ಆತುರವಿಲ್ಲದ ಕಣ್ಣು ಇದ್ದರೆ ಅರ್ಧ ಕೆಲಸ ಮುಗಿಯುತ್ತದೆ.

ಆದರೆ ನೋಡುವುದಕ್ಕೂ ಮೊದಲು ಮಾಡಬೇಕಾದದ್ದೊಂದಿದೆ. ಗುಂಡು ಹಾರದಿದ್ದಾಗ ನಳಿಗೆಯ ಬಾಯನ್ನು ಗುರಿಯ ಕಡೆಯೇ ಹಿಡಿದು, ಬೋಲ್ಟನ್ನು (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿಯನ್ನು) ಮುಟ್ಟದೆ, ಕನಿಷ್ಠ 30 ಸೆಕೆಂಡು ಕಾಯಬೇಕು. ರೇಂಜಿನ, ಅಂದರೆ ಗುರಿ ಅಭ್ಯಾಸದ ಮೈದಾನದ, ನಿಯಮ ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಬೇಕು. ಪ್ರೈಮರ್ ಉರಿದರೂ ಮದ್ದು ತಡವಾಗಿ ಹೊತ್ತಿಕೊಳ್ಳುವ ಸ್ಥಿತಿಯನ್ನು ಹ್ಯಾಂಗ್‌ಫೈರ್ ಎನ್ನುತ್ತಾರೆ. ಅದು ಬಹುತೇಕ ಸಂದರ್ಭಗಳಲ್ಲಿ ಸೆಕೆಂಡಿನ ಸಣ್ಣ ಭಾಗದಷ್ಟೇ ತಡವಾಗುತ್ತದೆ, ನಿಜ. ಆದರೂ ಬೋಲ್ಟ್ ತೆರೆದ ಗಳಿಗೆಯಲ್ಲಿ ತೋಟಾ ಸಿಡಿದರೆ ಹಿತ್ತಾಳೆಯ ಚೂರು ಮುಖಕ್ಕೆ ಬಡಿಯುತ್ತದೆ, ಆದ್ದರಿಂದ ಇಲ್ಲಿ ಲೆಕ್ಕಾಚಾರಕ್ಕೆ ಎಡೆಯಿಲ್ಲ. ಇನ್ನೊಂದು ಸ್ಥಿತಿ ಇದಕ್ಕಿಂತ ಅಪಾಯಕಾರಿ: ಮಾಮೂಲಿನ ಸದ್ದಿನ ಬದಲು ಕ್ಷೀಣವಾದ ‘ಟಪ್’ ಎಂಬ ಸದ್ದು ಬಂದು, ಹಿಂದೊತ್ತು ಇಲ್ಲದಂತೆ ಅನಿಸಿದರೆ, ಪ್ರೈಮರಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಕ್ಕೆ ಸ್ವಲ್ಪ ದೂರ ನುಗ್ಗಿ ಸಿಕ್ಕಿಕೊಂಡಿರಬಹುದು. ಆಗ ರೈಫಲ್ಲನ್ನು ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಗೆಯ ಆಚೆಯ ಬೆಳಕು ಕಾಣಿಸುತ್ತದೆಯೇ ಎಂದು ನೋಡದೆ ಇನ್ನೊಂದು ತೋಟಾ ತುಂಬಲೇಬಾರದು. ಅಡ್ಡ ನಿಂತ ಗುಂಡಿನ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಪ್ರೈಮರಿನ ರಚನೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೆತುವಾದ ಹಿತ್ತಾಳೆಯ ಒಂದು ಪುಟ್ಟ ಬಟ್ಟಲು, ಅದರ ತಳದಲ್ಲಿ ಒತ್ತಿ ಕೂರಿಸಿದ ಸ್ಫೋಟಕ ಮಿಶ್ರಣ, ಅದರ ಮೇಲೊಂದು ತೆಳು ಹಾಳೆ, ಅದರ ಮೇಲೆ ಎರಡು ಅಥವಾ ಮೂರು ಕಾಲುಗಳ ಲೋಹದ ಅಡಿಗಲ್ಲು, ಅಂದರೆ ಆನ್ವಿಲ್. ಫೈರಿಂಗ್ ಪಿನ್ ಬಟ್ಟಲಿಗೆ ಹೊರಗಿನಿಂದ ಬಡಿದಾಗ ಮಿಶ್ರಣವು ಬಟ್ಟಲಿನ ತಳ ಮತ್ತು ಆನ್ವಿಲ್ಲಿನ ತುದಿಯ ನಡುವೆ ಸಿಕ್ಕಿ ಜಜ್ಜಿಹೋಗಿ ಹೊತ್ತಿಕೊಳ್ಳುತ್ತದೆ. ಆ ಜ್ವಾಲೆ ಕೇಸಿನ, ಅಂದರೆ ತೋಟಾದ ಹಿತ್ತಾಳೆಯ ಕೊಳವೆಯ, ತಳದ ರಂಧ್ರದ ಮೂಲಕ ಒಳನುಗ್ಗಿ ಮದ್ದನ್ನು ಹೊತ್ತಿಸುತ್ತದೆ. ಮಲೆನಾಡಿನ ಹಳೆಯ ಕೇಪಿನ ಕೋವಿಯಲ್ಲಿ ಕೇಪು ಹೊರಗಿತ್ತು, ಅದನ್ನು ಕೂರಿಸುವ ಮೊಳೆಯೇ ಅಡಿಗಲ್ಲಾಗಿ ಕೆಲಸ ಮಾಡುತ್ತಿತ್ತು. ತೋಟಾ ಕೋವಿಯಲ್ಲಿ ಅದೇ ಕೇಪು ತೋಟಾದ ಬುಡದೊಳಕ್ಕೆ ಬಂತು. 1860ರ ದಶಕದ ಮಧ್ಯದಲ್ಲಿ ಅಮೆರಿಕದ ಹಿರಮ್ ಬರ್ಡನ್ ಆನ್ವಿಲ್ಲನ್ನು ಕೇಸಿನ ಭಾಗವಾಗಿಯೇ ರೂಪಿಸಿದರು, ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಅದನ್ನು ಪ್ರೈಮರಿನೊಳಗೆ ಸೇರಿಸಿದರು. ಈ ಎರಡೂ ಬಗೆ ಇಂದಿಗೂ ಬಳಕೆಯಲ್ಲಿವೆ. ದೋಷ ಹುಡುಕುವವರಿಗೆ ಮುಖ್ಯವಾದ ವಿಷಯವೇನೆಂದರೆ, ಮಿಶ್ರಣ ಎಷ್ಟೇ ಚೆನ್ನಾಗಿದ್ದರೂ ಅದು ಎರಡು ಗಟ್ಟಿ ಮೈಗಳ ನಡುವೆ ಸಾಕಷ್ಟು ವೇಗದಲ್ಲಿ ಜಜ್ಜಿದರೆ ಮಾತ್ರ ಉರಿಯುತ್ತದೆ. ಬಡಿತದ ಬಲ ಬೇರೆಲ್ಲಾದರೂ ಸೋರಿಹೋದರೆ ಪ್ರೈಮರ್ ಉರಿಯುವುದಿಲ್ಲ.

ಪ್ರೈಮರ್ ಎಷ್ಟು ಬಲಕ್ಕೆ ಉರಿಯಬೇಕು ಎಂಬುದನ್ನು ಕಾರ್ಖಾನೆಗಳು ಊಹೆಯಿಂದ ನಿರ್ಧರಿಸುವುದಿಲ್ಲ. ಗೊತ್ತಾದ ತೂಕದ ಉಕ್ಕಿನ ಗುಂಡೊಂದನ್ನು ಬೇರೆ ಬೇರೆ ಎತ್ತರಗಳಿಂದ ಪರೀಕ್ಷಾ ಪಿನ್ನಿನ ಮೇಲೆ ಬೀಳಿಸಿ, ಪ್ರತಿ ಎತ್ತರದಲ್ಲಿ ಎಷ್ಟು ಪ್ರೈಮರುಗಳು ಉರಿದವು ಎಂದು ದಾಖಲಿಸಿ, ಅರ್ಧದಷ್ಟು ಉರಿಯುವ ಸರಾಸರಿ ಎತ್ತರವನ್ನು ಕಂಡುಹಿಡಿಯುತ್ತಾರೆ. ಆ ಸರಾಸರಿಗೆ ಐದು ಪಟ್ಟು ಪ್ರಮಾಣ ವಿಚಲನೆಯನ್ನು (ಫಲಿತಾಂಶಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಎಂಬ ಅಳತೆಯನ್ನು) ಕೂಡಿಸಿದರೆ ಬರುವ ಎತ್ತರವು ಸೇನಾ ಮಾನದಂಡದ ಮೇಲಿನ ಮಿತಿಯೊಳಗಿರಬೇಕು, ಏಕೆಂದರೆ ಅಷ್ಟು ಬಲಕ್ಕೆ ಎಲ್ಲವೂ ಉರಿಯುತ್ತವೆ ಎಂದು ನಂಬಬಹುದು. ಎರಡು ಪಟ್ಟು ವಿಚಲನೆಯನ್ನು ಕಳೆದರೆ ಬರುವ ಎತ್ತರವು ಕೆಳಗಿನ ಮಿತಿಗಿಂತ ಮೇಲಿರಬೇಕು, ಏಕೆಂದರೆ ಅದಕ್ಕಿಂತ ಕಡಿಮೆ ಬಲಕ್ಕೆ ಪ್ರೈಮರ್ ಉರಿದರೆ ಅದು ಅಪಾಯ. ಹಾಗಾಗಿ ಪ್ರೈಮರ್ ಉರಿಯಲಿಲ್ಲ ಎಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಅದಕ್ಕೆ ಸಲ್ಲಬೇಕಾದ ಬಲ ಸಂದಿತೇ ಎಂಬುದು. ಅದಕ್ಕೆ ಉತ್ತರ ಬರೆದಿರುವುದು ಪಿನ್ ಬಡಿದು ಪ್ರೈಮರಿನ ಮೇಲೆ ಮೂಡಿದ ನೆಗ್ಗಿನಲ್ಲಿ.

ನೆಗ್ಗನ್ನು ನೋಡುವಾಗ ಮೂರು ವಿಷಯ ಗಮನಿಸಿ: ಆಳ, ಜಾಗ, ಆಕಾರ. ಆರೋಗ್ಯಕರ ನೆಗ್ಗು ನಡುಮಧ್ಯದಲ್ಲಿರುತ್ತದೆ, ತಳ ನುಣುಪಾಗಿ ಅರ್ಧಗೋಳದಂತಿರುತ್ತದೆ, ಕಣ್ಣಿಗೆ ಸ್ಪಷ್ಟವಾಗಿ ಆಳವೆನಿಸುತ್ತದೆ. ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಉರಿಯದ ತೋಟಾದ ನೆಗ್ಗನ್ನು, ಅದೇ ರೈಫಲ್ಲಿನಲ್ಲಿ ಉರಿದ ಕೇಸಿನ ನೆಗ್ಗಿನ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ, ಉರಿದದ್ದು ಬೇರೆ ಬಗೆಯಾಗಿ ಕಂಡಾಗ ಗೊಂದಲಕ್ಕೆ ಬೀಳುತ್ತಾರೆ. ಉರಿದ ಪ್ರೈಮರಿನ ಒಳಗೆ ಸಾವಿರಾರು ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡ ಹುಟ್ಟಿ, ಬಟ್ಟಲಿನ ಲೋಹವನ್ನು ಹಿಂದಕ್ಕೆ, ಪಿನ್ನಿನ ಸುತ್ತ ಒತ್ತಿ ಮರುರೂಪಿಸಿರುತ್ತದೆ. ಹಾಗಾಗಿ ಅದರ ನೆಗ್ಗು ಪಿನ್ ಬಡಿದ ಬಲವನ್ನಷ್ಟೇ ತೋರಿಸುವುದಿಲ್ಲ. ಉರಿಯದ ತೋಟಾದ ನೆಗ್ಗನ್ನು ಹೋಲಿಸಬೇಕಾದರೆ ಉರಿಯದ ಇನ್ನೊಂದರ ಜೊತೆಗೇ ಹೋಲಿಸಬೇಕು. ಅದಕ್ಕಿಂತ ನಂಬಲರ್ಹವಾದ ದಾರಿ ಎಂದರೆ, ಬಂದೂಕು ರಿಪೇರಿಯ ಪರಿಣತರ ಬಳಿ ತಾಮ್ರದ ತುಂಡಿನ ಮೇಲೆ ಪಿನ್ ಬಡಿಸಿ ಗುಳಿಯ ಆಳವನ್ನು ಅಳೆಸುವುದು, ಬೋಲ್ಟಿನ ಮುಖದಿಂದ ಪಿನ್ ಎಷ್ಟು ಹೊರಚಾಚುತ್ತದೆ ಎಂದು ಆಳಮಾಪಕದಿಂದ ನೋಡಿಸುವುದು. ಬಹಳಷ್ಟು ಬೋಲ್ಟ್ ರೈಫಲ್ಲುಗಳಲ್ಲಿ ಈ ಚಾಚು ಒಂದೂವರೆ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ.

ನೆಗ್ಗು ಆಳವಿಲ್ಲದೆ ಬರಿಯ ಗುರುತಿನಂತಿದ್ದರೆ ರೈಫಲ್ಲಿನ ಕಡೆ ತಿರುಗಿ. ನಾನು ಕಂಡ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಬೋಲ್ಟಿನ ಒಳಗಿನ ಹಳೆಯ ಗ್ರೀಸು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ರೈಫಲ್ಲಿನ ಬೋಲ್ಟನ್ನು ಬಿಚ್ಚಿದರೆ, ಫೈರಿಂಗ್ ಪಿನ್ನಿನ ಸ್ಪ್ರಿಂಗಿನ ಸುರುಳಿಗಳ ನಡುವೆ ಒಣಗಿದ ಹಲಸಿನ ಮೇಣದಂತಹ ಕಂದು ಅಂಟು ಕಾಣಿಸುತ್ತದೆ; ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದರಷ್ಟೇ ಅದು ಬಿಡುವುದು. ಸ್ಪ್ರಿಂಗ್ ತನ್ನ ಬಲವನ್ನು ಈ ಅಂಟಿನ ವಿರುದ್ಧವೇ ಕಳೆದುಕೊಳ್ಳುತ್ತದೆ. ಅದನ್ನು ತೊಳೆದು, ಒರೆಸಿ, ಒಣಗಿಸಿ, ಹೆಸರಿಗಷ್ಟೇ ತೆಳುವಾಗಿ ಎಣ್ಣೆ ಸವರಿ ಮತ್ತೆ ಜೋಡಿಸಿದರೆ ‘ಸತ್ತ ಪ್ರೈಮರು’ಗಳ ಪೆಟ್ಟಿಗೆಯಿಡೀ ಸರಿಯಾಗಿ ಸಿಡಿಯುವುದನ್ನು ನೋಡಿದ್ದೇನೆ. ಬೆಳಗಿನ ಚಳಿಯಲ್ಲಿ ಮೊದಲ ಒಂದೆರಡು ತೋಟಾಗಳು ಮಾತ್ರ ಕೈಕೊಟ್ಟು, ರೈಫಲ್ ಬಿಸಿಯಾದ ಮೇಲೆ ಎಲ್ಲವೂ ಸರಿಹೋಗುತ್ತಿದ್ದರೆ, ಬೇರೇನನ್ನೂ ಯೋಚಿಸುವ ಮೊದಲು ಬೋಲ್ಟ್ ಬಿಚ್ಚಿಸಿ. ಸ್ಪ್ರಿಂಗ್ ಸೋತಿರುವುದು, ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಸ್ಪ್ರಿಂಗಿನ ಸುರುಳಿ ಕತ್ತರಿಸಿರುವುದು, ಪಿನ್ನಿನ ತುದಿ ಮುರಿದಿರುವುದು ಇವೆಲ್ಲ ಅನಂತರದ ಸಾಧ್ಯತೆಗಳು. ಜರ್ಮನಿಯ ಮೌಸರ್ ರೈಫಲ್ಲಿನ ಮಾದರಿಯ ಬೋಲ್ಟುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬೋಲ್ಟಿನ ಹಿಡಿಯನ್ನು ಪೂರ್ತಿ ಕೆಳಕ್ಕೆ ಒತ್ತದೆ ಸ್ವಲ್ಪ ಮೇಲೆಯೇ ಬಿಟ್ಟರೆ, ಮುನ್ನುಗ್ಗುವ ಪಿನ್ ತನ್ನ ಬಲದ ಒಂದು ಭಾಗವನ್ನು ಬೋಲ್ಟನ್ನು ತಿರುಗಿಸಿ ಮುಚ್ಚುವುದಕ್ಕೇ ವ್ಯಯಿಸುತ್ತದೆ, ಉಳಿದ ಬಲ ಪ್ರೈಮರಿಗೆ ಸಾಲುವುದಿಲ್ಲ.

ಆಳವಿದ್ದರೂ ನೆಗ್ಗು ಒಂದು ಬದಿಗೆ ಸರಿದಿದ್ದರೆ, ಪಿನ್ ಆನ್ವಿಲ್ಲಿನ ತುದಿಯನ್ನು ಬಿಟ್ಟು ಪಕ್ಕದಲ್ಲಿ ಬಡಿಯುತ್ತಿದೆ ಎಂದರ್ಥ. ಪಿನ್ನಿನ ಅರ್ಧ ದಪ್ಪಕ್ಕಿಂತ ಹೆಚ್ಚು ಸರಿದಿದ್ದರೆ ಉರಿಯುವ ಭರವಸೆ ಕಡಿಮೆಯಾಗುತ್ತ ಹೋಗುತ್ತದೆ.

ಈಗ ಬೇರೆ ಬಗೆಯ ಪ್ರಕರಣಕ್ಕೆ ಬರೋಣ: ಮೊದಲ ಬಡಿತಕ್ಕೆ ಉರಿಯಲಿಲ್ಲ, ಎರಡನೆಯದಕ್ಕೆ ಉರಿಯಿತು. ಇದನ್ನು ಕೇಳಿದ ಕೂಡಲೇ ನನ್ನ ಮನಸ್ಸಿಗೆ ಬರುವುದು ಪೂರ್ತಿ ಕೂರದ ಪ್ರೈಮರ್. ಪ್ರೈಮರ್ ತನ್ನ ಗುಳಿಯಲ್ಲಿ ತಳ ಮುಟ್ಟುವವರೆಗೆ ಕೂತಿರಬೇಕು. ಆನ್ವಿಲ್ಲಿನ ಕಾಲುಗಳು ಗುಳಿಯ ತಳಕ್ಕೆ ಊರಿರಬೇಕು. ಅದರ ಹೊರಮೈ ಕೇಸಿನ ಬುಡಕ್ಕೆ ಸಮವಾಗಿ ಅಥವಾ ಇಂಚಿನ ಸಾವಿರದಲ್ಲಿ ಮೂರರಿಂದ ಐದು ಭಾಗದಷ್ಟು ಒಳಗಿರಬೇಕು. ಹಾಗೆ ಕೂರದೆ ಮೇಲೆಯೇ ಉಳಿದಿದ್ದರೆ, ಮೊದಲ ಬಡಿತದ ಬಲವೆಲ್ಲ ಪ್ರೈಮರನ್ನು ಒಳಕ್ಕೆ ತಳ್ಳುವುದರಲ್ಲೇ ಖರ್ಚಾಗುತ್ತದೆ. ಎರಡನೆಯ ಬಡಿತ ಬರುವ ಹೊತ್ತಿಗೆ ಕಾಲೂರಿ ನಿಂತಿರುವ ಆನ್ವಿಲ್ ತನ್ನ ಕೆಲಸ ಮಾಡುತ್ತದೆ. ನಯವಾದ ಮೇಜಿನ ಮೇಲೆ ತೋಟಾವನ್ನು ಬುಡ ಕೆಳಗಾಗಿ ನಿಲ್ಲಿಸಿದಾಗ ಅದು ಅಲುಗಾಡಿದರೆ ಪ್ರೈಮರ್ ಹೊರಗಿದೆ. ಬೆರಳ ತುದಿ ಸವರಿದರೂ ಉಬ್ಬು ತಿಳಿಯುತ್ತದೆ. ಮನೆಯಲ್ಲಿ ತೋಟಾ ಮರುತುಂಬುವುದು ಅಮೆರಿಕದಂತಹ ದೇಶಗಳಲ್ಲಿ ಸಾಮಾನ್ಯ, ಅಲ್ಲಿರುವ ನಮ್ಮ ಕನ್ನಡಿಗರಲ್ಲಿಯೂ ಈ ಹವ್ಯಾಸದವರು ಇದ್ದಾರೆ. ಅವರು ಈ ಸಮಸ್ಯೆಯನ್ನು ಚೆನ್ನಾಗಿ ಬಲ್ಲರು. ನಮ್ಮಲ್ಲಿ ಮದ್ದುಗುಂಡು ತಯಾರಿಕೆಗೆ 1959ರ ಆಯುಧ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಬೇಕಾದ್ದರಿಂದ, ನಮಗೆ ಎದುರಾಗುವುದು ಕಾರ್ಖಾನೆಯ ತೋಟಾಗಳೇ. ಅವುಗಳಲ್ಲಿ ಈ ದೋಷ ಅಪರೂಪವಾದರೂ ಇಲ್ಲವೇ ಇಲ್ಲ ಎನ್ನಲಾಗದು.

ಪ್ರೈಮರ್ ಹೊರಚಾಚಿರುವುದು ಬೋಲ್ಟ್ ರೈಫಲ್ಲಿನಲ್ಲಿ ಒಂದು ತೊಡಕಷ್ಟೇ. ತಾನಾಗಿ ತುಂಬಿಕೊಳ್ಳುವ ರೈಫಲ್ಲಿನಲ್ಲಿ ಅದು ಅಪಘಾತಕ್ಕೆ ಕಾರಣವಾಗಬಹುದು. ಅಂತಹ ಹಲವು ರೈಫಲ್ಲುಗಳಲ್ಲಿ ಫೈರಿಂಗ್ ಪಿನ್ನಿಗೆ ಹಿಂದೆಳೆಯುವ ಸ್ಪ್ರಿಂಗ್ ಇರುವುದಿಲ್ಲ. ಬೋಲ್ಟ್ ಮುಂದಕ್ಕೆ ಅಪ್ಪಳಿಸಿ ನಿಂತಾಗ ಪಿನ್ ತನ್ನ ಜಡತ್ವದಿಂದಲೇ ಮುನ್ನುಗ್ಗಿ ಪ್ರೈಮರಿಗೆ ಸಣ್ಣಗೆ ತಾಗುತ್ತದೆ. ಚೇಂಬರಿಗೆ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿಗೆ) ಹೋಗಿ ಹಾರಿಸದೆ ಹೊರತೆಗೆದ ತೋಟಾದ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಗುರುತು ಕಾಣುವುದು ಇದರಿಂದಲೇ, ಅದು ದೋಷವಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ-16 ರೈಫಲ್ಲಿನ ಮೊದಲ ಮಾದರಿಗಳಲ್ಲಿ ಟ್ರಿಗರ್ ಒತ್ತದೆಯೇ ಗುಂಡು ಹಾರಿದ ದೂರುಗಳು ಬಂದಾಗ, ಕಾರಣ ಈ ಮುನ್ನುಗ್ಗುವಿಕೆಯೇ ಎಂದು ಗುರುತಿಸಿ ಪಿನ್ನಿನ ತೂಕವನ್ನು ತಗ್ಗಿಸಿದರು. ಪ್ರೈಮರಿನ ಸೂಕ್ಷ್ಮತೆಗೂ ಕೆಳಮಿತಿಯನ್ನು ಬಿಗಿಗೊಳಿಸಿದರು. ಪ್ರೈಮರ್ ‘ಸುಲಭವಾಗಿ ಉರಿಯಬೇಕು’ ಎಂದು ಬಯಸುವವರು ಈ ಪ್ರಕರಣವನ್ನು ನೆನಪಿಡಬೇಕು.

ಹೆಡ್‌ಸ್ಪೇಸ್ ಎಂಬ ಅಳತೆಯನ್ನು ಬಿಟ್ಟು ಪ್ರೈಮರಿನ ವಿಚಾರ ಪೂರ್ತಿಯಾಗುವುದಿಲ್ಲ. ಮುಚ್ಚಿದ ಬೋಲ್ಟಿನ ಮುಖಕ್ಕೂ, ಚೇಂಬರಿನಲ್ಲಿ ತೋಟಾವನ್ನು ತಡೆದು ನಿಲ್ಲಿಸುವ ಅಂಚಿಗೂ ಇರುವ ಅಂತರವೇ ಅದು. .308ರಂತಹ ತೋಟಾದಲ್ಲಿ ತಡೆ ಕೇಸಿನ ಭುಜದಲ್ಲಿ, ಅಂದರೆ ಅದು ಬಾಯಿಯ ಕಡೆ ಕಿರಿದಾಗುವ ಇಳಿಜಾರಿನಲ್ಲಿರುತ್ತದೆ. ನಮ್ಮಲ್ಲಿ ಪರವಾನಗಿದಾರರ ಬಳಿ ಸಾಮಾನ್ಯವಾಗಿ ಕಾಣುವ .315ರಲ್ಲಿ ಮತ್ತು ಹಳೆಯ .303ರಲ್ಲಿ ಬುಡದ ಅಂಚುಪಟ್ಟಿಯೇ ತಡೆ. .303ರಲ್ಲಿ ಈ ಅಂತರ 0.064ರಿಂದ 0.074 ಇಂಚಿನೊಳಗೆ ಇರಬೇಕೆಂಬುದು ನಿಯಮ. .303 ಹಾರಿಸುವ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್ಲಿಗೆ 0ಯಿಂದ 3ರವರೆಗೆ ಅಂಕಿ ಹಾಕಿದ ಬೇರೆ ಬೇರೆ ಉದ್ದದ ಬೋಲ್ಟ್ ತಲೆಗಳನ್ನು ಮಾಡಿದ್ದು, ಸವೆದಂತೆಲ್ಲ ಅವನ್ನು ಬದಲಿಸಿ ಅಂತರವನ್ನು ಸರಿಪಡಿಸುವುದಕ್ಕಾಗಿಯೇ. ಅಂತರ ಹೆಚ್ಚಾದಾಗ ಪಿನ್ ತೋಟಾವನ್ನು ಮುಂದಕ್ಕೆ ದೂಡುತ್ತದೆ, ಬಡಿತ ಮೆತ್ತಗಾಗುತ್ತದೆ, ನೆಗ್ಗು ತೆಳುವಾಗುತ್ತದೆ. ಸ್ಪ್ರಿಂಗ್ ಸರಿಯಿದೆ, ಗ್ರೀಸೂ ಇಲ್ಲ, ಆದರೂ ನೆಗ್ಗು ತೆಳು ಎಂದಾದರೆ ಗೇಜು ಹಾಕಿ ನೋಡಿಸಬೇಕಾದದ್ದು ಇದನ್ನೇ.

ಹೊರಚಾಚಿದ ಪ್ರೈಮರಿನ ಇನ್ನೊಂದು ಮುಖ ಕೇಸು ಉರಿದ ಮೇಲೆ ಕಾಣಿಸುತ್ತದೆ, ಇದನ್ನು ಬಹುಮಂದಿ ತಲೆಕೆಳಗಾಗಿ ಅರ್ಥಮಾಡಿಕೊಳ್ಳುತ್ತಾರೆ. ಉರಿದ ಕೇಸಿನಲ್ಲಿ ಪ್ರೈಮರ್ ಹೊರಬಂದಿದ್ದರೆ ಒತ್ತಡ ವಿಪರೀತವಾಗಿದೆ ಎಂದು ಹೆದರುತ್ತಾರೆ. ನಡೆಯುವ ಕ್ರಮವನ್ನು ನಿಧಾನವಾಗಿ ಬಿಡಿಸಿ ನೋಡೋಣ. ಪಿನ್ ಬಡಿದಾಗ ತೋಟಾ ಮುಂದಕ್ಕೆ ಸರಿಯುತ್ತದೆ, ಅದರ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವೆ ಕೂದಲಿನಷ್ಟು ಸಂದು ಉಳಿಯುತ್ತದೆ. ಪ್ರೈಮರ್ ಉರಿದ ಕೂಡಲೇ ಅದರ ಒತ್ತಡವೇ ಅದನ್ನು ಗುಳಿಯಿಂದ ಹಿಂದಕ್ಕೆ, ಬೋಲ್ಟಿನ ಮುಖ ತಾಗುವವರೆಗೆ ತಳ್ಳುತ್ತದೆ. ಮದ್ದಿನ ಒತ್ತಡ ಏರಿದಂತೆ ಕೇಸಿನ ಗೋಡೆಗಳು ಚೇಂಬರಿಗೆ ಅಂಟಿಕೊಳ್ಳುತ್ತವೆ. ಒತ್ತಡ ಸಾಕಷ್ಟು ಇದ್ದರೆ ಕೇಸಿನ ಬುಡ ಹಿಗ್ಗಿ ಹಿಂದಕ್ಕೆ ಬಂದು, ಹೊರಬಂದ ಪ್ರೈಮರನ್ನು ಮತ್ತೆ ಗುಳಿಯೊಳಕ್ಕೆ ಕೂರಿಸುತ್ತದೆ. ಒತ್ತಡ ಸಾಲದಿದ್ದರೆ ಬುಡ ಹಿಂದಕ್ಕೆ ಬರುವುದಿಲ್ಲ, ಪ್ರೈಮರ್ ಹೊರಗೇ ಉಳಿಯುತ್ತದೆ. ಎಂದರೆ ಹೊರಗುಳಿದ ಪ್ರೈಮರ್ ಹೇಳುತ್ತಿರುವುದು ಎರಡು ಸಂಗತಿ: ಸಂದು ಇದೆ, ಒತ್ತಡ ಕಡಿಮೆಯಿದೆ. ಸಂದು ಹೆಚ್ಚಾಗಿದ್ದು ಒತ್ತಡವೂ ಪೂರ್ತಿಯಿದ್ದರೆ ಪ್ರೈಮರ್ ತನ್ನ ಜಾಗದಲ್ಲೇ ಸರಿಯಾಗಿ ಕೂತಂತೆ ಕಾಣುತ್ತದೆ, ಆದರೆ ಕೇಸಿನ ಗೋಡೆ ಬುಡದ ಸ್ವಲ್ಪ ಮೇಲೆ ಹಿಗ್ಗಿ ತೆಳುವಾಗಿ ಹೊಳೆಯುವ ಉಂಗುರವೊಂದು ಮೂಡುತ್ತದೆ. ಅದೇ ಕೇಸನ್ನು ಮತ್ತೆ ತುಂಬಿ ಬಳಸಿದರೆ ಆ ಉಂಗುರದಲ್ಲೇ ಅದು ತುಂಡಾಗುತ್ತದೆ. ತುದಿ ಬಗ್ಗಿಸಿದ ತಂತಿಯನ್ನು ಖಾಲಿ ಕೇಸಿನೊಳಗೆ ಇಳಿಸಿ ಗೋಡೆಯುದ್ದಕ್ಕೂ ಸವರಿದರೆ ಆ ಜಾಗದ ತಗ್ಗು ಕೈಗೆ ಸಿಗುತ್ತದೆ.

ಚಪ್ಪಟೆಯಾದ ಪ್ರೈಮರಿನ ಬಗ್ಗೆಯೂ ಇಷ್ಟೇ ಎಚ್ಚರ ಬೇಕು. ಹೊಸ ಪ್ರೈಮರಿನ ಅಂಚು ದುಂಡಾಗಿರುತ್ತದೆ. ಉರಿದಾಗ ಆ ದುಂಡು ಸ್ವಲ್ಪ ಕಡಿಮೆಯಾಗುವುದು ಸಹಜ, ಪೂರ್ತಿ ಮಾಯವಾಗಿ ಲೋಹ ಗುಳಿಯ ಅಂಚಿನವರೆಗೆ ಹರಿದು ತುಂಬಿಕೊಂಡಿದ್ದರೆ ಅದನ್ನು ಒತ್ತಡದ ಚಿಹ್ನೆಯೆಂದು ಕರೆಯುವ ರೂಢಿಯಿದೆ. ರೂಢಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಅದನ್ನು ಅಳತೆಗೋಲಾಗಿ ಬಳಸುವುದು ತಪ್ಪು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬಟ್ಟಲಿನ ದಪ್ಪ ಮತ್ತು ಗಡಸುತನ ಕಂಪನಿಯಿಂದ ಕಂಪನಿಗೆ ಬೇರೆ. ಸಣ್ಣ ರೈಫಲ್ ಪ್ರೈಮರುಗಳಲ್ಲಿ ಕೆಲವದರ ಬಟ್ಟಲು 0.020 ಇಂಚು ದಪ್ಪವಿದ್ದರೆ ಇನ್ನು ಕೆಲವದರದ್ದು 0.025 ಇಂಚು. ಒಂದೇ ಒತ್ತಡಕ್ಕೆ ಒಂದು ಚಪ್ಪಟೆಯಾಗುತ್ತದೆ, ಇನ್ನೊಂದು ಆಗುವುದಿಲ್ಲ. ಸಂದು ಹೆಚ್ಚಿರುವ ರೈಫಲ್ಲಿನಲ್ಲಿ, ಹೊರಬಂದ ಪ್ರೈಮರ್ ಆಸರೆಯಿಲ್ಲದೆ ಸುತ್ತಲೂ ಉಬ್ಬಿ, ಅನಂತರ ಬುಡ ಅದನ್ನು ಬಲವಾಗಿ ಒಳಗೊತ್ತಿದಾಗ, ಒತ್ತಡ ಮಾಮೂಲಾಗಿದ್ದರೂ ಅಣಬೆಯ ತಲೆಯಂತೆ ಚಪ್ಪಟೆಯಾಗುತ್ತದೆ. ಅಮೆರಿಕದ ಕೈಗಾರಿಕಾ ಮಾನದಂಡದಲ್ಲಿ .30-30 ತೋಟಾಕ್ಕೆ ಗರಿಷ್ಠ ಒತ್ತಡ 42,000 ಪಿಎಸ್ಐ, .308ಕ್ಕೆ 62,000 ಪಿಎಸ್ಐ; ಇವೆರಡೂ ಬಳಸುವುದು ಅದೇ ದೊಡ್ಡ ರೈಫಲ್ ಪ್ರೈಮರನ್ನು. 62,000ಕ್ಕೆ ನಿಭಾಯಿಸುವ ಬಟ್ಟಲು, .30-30ರಲ್ಲಿ ಮಿತಿ ಮೀರಿ ಸಾವಿರಾರು ಪಿಎಸ್ಐ ಏರಿದರೂ ಏನನ್ನೂ ತೋರಿಸದೆ ಇರಬಲ್ಲದು. ಚಪ್ಪಟೆಯಾಗಲಿಲ್ಲ ಎಂದು ನೆಮ್ಮದಿಪಡುವುದು ಅಪಾಯದ ನೆಮ್ಮದಿ.

ಪ್ರೈಮರ್ ತೂತಾಗಿದ್ದರೆ ಅಥವಾ ಅದರ ಅಂಚಿನ ಸುತ್ತ ಕರಿ ಸೋರಿದ್ದರೆ ಅಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ತೂತಿನ ಮೂಲಕ ಬಿಸಿ ಅನಿಲ ಫೈರಿಂಗ್ ಪಿನ್ನಿನ ದಾರಿಯಲ್ಲಿ ಹಿಂದಕ್ಕೆ, ಕಣ್ಣಿನ ಕಡೆಗೆ ನುಗ್ಗುತ್ತದೆ. ಮೌಸರ್ 98ರ ಬೋಲ್ಟಿನಲ್ಲಿ ಕೊರೆದಿರುವ ಎರಡು ರಂಧ್ರಗಳು ಆ ಅನಿಲವನ್ನು ಪಕ್ಕಕ್ಕೆ ಹಾಯಿಸುವುದಕ್ಕಾಗಿವೆ. ಎಲ್ಲ ರೈಫಲ್ಲುಗಳಲ್ಲಿ ಆ ಏರ್ಪಾಡು ಇರುವುದಿಲ್ಲ. ರೇಂಜಿನಲ್ಲಿ ಕನ್ನಡಕ ಧರಿಸಿ ಎಂದು ಹಿರಿಯರು ಗದರುವುದು ಇದಕ್ಕೇ. ಕಾರಣ ಒತ್ತಡವೇ ಆಗಿರಬೇಕಿಲ್ಲ: ಪಿನ್ನಿನ ತುದಿ ಚೂಪಾಗಿ ಸವೆದಿರಬಹುದು, ಚಾಚು ಹೆಚ್ಚಿರಬಹುದು, ಬೋಲ್ಟಿನ ರಂಧ್ರ ಪಿನ್ನಿಗಿಂತ ಅಗಲವಾಗಿರಬಹುದು, ಬಟ್ಟಲು ತೆಳುವಾಗಿರಬಹುದು. ಒಂದು ವಿಷಯ ಬಹಳ ಉಪಯುಕ್ತ: ಕೆಲವು ಸಲ ಬಟ್ಟಲಿನಿಂದ ಎಳ್ಳಿನಷ್ಟು ಬಿಲ್ಲೆಯೊಂದು ಕತ್ತರಿಸಿಕೊಂಡು ಪಿನ್ನಿನ ರಂಧ್ರದೊಳಗೆ ಸೇರಿ ಕೂರುತ್ತದೆ, ಮುಂದಿನ ತೋಟಾಕ್ಕೆ ಪಿನ್ ಸರಿಯಾಗಿ ತಾಗುವುದಿಲ್ಲ. ತೂತಾದ ಪ್ರೈಮರಿನ ಬೆನ್ನಿಗೇ ತೆಳು ನೆಗ್ಗಿನ ತೋಟಾ ಸಿಕ್ಕರೆ ಎರಡಕ್ಕೂ ಮೂಲ ಒಂದೇ ಎಂದು ಶಂಕಿಸಿ ಬೋಲ್ಟ್ ಬಿಚ್ಚಿಸಿ.

ಇಷ್ಟೆಲ್ಲವನ್ನು ದಾಟಿ ಬಂದ ಮೇಲೆ, ನೆಗ್ಗು ಆಳವಾಗಿ ನಡುವಿನಲ್ಲಿದ್ದು ಮತ್ತೆ ಬಡಿದರೂ ಉರಿಯದ ತೋಟಾ ಉಳಿದರೆ, ಆಗ ಪ್ರೈಮರನ್ನು ಶಂಕಿಸುವುದು ನ್ಯಾಯ. ಮಿಶ್ರಣವೇ ಇಲ್ಲದ ಬಟ್ಟಲು, ಆನ್ವಿಲ್ ಬಿಟ್ಟುಹೋದ ಪ್ರೈಮರ್ ಇವು ಕಾರ್ಖಾನೆಯ ತಪ್ಪುಗಳು. ಆನ್ವಿಲ್ ಇಲ್ಲದಿದ್ದರೆ ಪಿನ್ನಿಗೆ ಎದುರು ಆಸರೆಯಿಲ್ಲದೆ ನೆಗ್ಗು ಮಾಮೂಲಿಗಿಂತ ಆಳವಾಗಿರುತ್ತದೆ. ಮೂರನೆಯದು, ಮಿಶ್ರಣ ಹಾಳಾಗಿರುವುದು. ಇದರ ದೊಡ್ಡ ಪಾಠ ಸಿಗುವುದು ಅಮೆರಿಕದಲ್ಲಿ 1917ರಲ್ಲಿ ನಡೆದ ಸಂಗತಿಯಿಂದ. ಆ ದೇಶ ಮೊದಲ ಮಹಾಯುದ್ಧಕ್ಕೆ ಇಳಿದ ವರ್ಷವೇ, ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಸೇನಾ ಕಾರ್ಖಾನೆಯ ರೈಫಲ್ ತೋಟಾಗಳು ಉರಿಯದಿರುವುದು, ತಡವಾಗಿ ಉರಿಯುವುದು ಶುರುವಾಯಿತು. ಅಲ್ಲಿನ ಪ್ರೈಮರ್ ಮಿಶ್ರಣದಲ್ಲಿ ಪೊಟ್ಯಾಸಿಯಂ ಕ್ಲೋರೇಟಿನ ಜೊತೆ ಗಂಧಕವೂ ಇತ್ತು. ತೇವ ಸೇರಿದಾಗ ಗಂಧಕದಿಂದ ಆಮ್ಲ ಹುಟ್ಟಿ, ಆ ಆಮ್ಲ ಕ್ಲೋರೇಟನ್ನು ಒಳಗಿನಿಂದಲೇ ತಿನ್ನುತ್ತಿತ್ತು. ಶಾಂತಿಕಾಲದಲ್ಲಿ ವರ್ಷಗಳ ಕಾಲ ಸರಿಯಾಗಿ ನಡೆದಿದ್ದ ಮಿಶ್ರಣ ಯುದ್ಧದ ಭಾರಕ್ಕೆ ಸಿಕ್ಕಾಗ ಕೈಕೊಟ್ಟಿತು. ಕೊನೆಗೆ ಗಂಧಕವಿಲ್ಲದ, ವಿಂಚೆಸ್ಟರ್ ಕಂಪನಿ ಬಳಸುತ್ತಿದ್ದ ಮಿಶ್ರಣಕ್ಕೆ ಸೇನೆ ಬದಲಾಯಿತು, ಎರಡನೆಯ ಮಹಾಯುದ್ಧದವರೆಗೂ ಅದನ್ನೇ ಉಳಿಸಿಕೊಂಡಿತು.

ಆ ಮಿಶ್ರಣವೂ ಕ್ಲೋರೇಟಿನದ್ದೇ ಆದ್ದರಿಂದ ಅದಕ್ಕೊಂದು ಬೇರೆ ಕೇಡಿತ್ತು. ಕ್ಲೋರೇಟ್ ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯೊಳಗೆ ಕೂರುತ್ತದೆ, ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ನಳಿಗೆಯನ್ನು ತಿನ್ನುವುದು ಮದ್ದಿನ ಹೊಗೆಯಲ್ಲ, ಪ್ರೈಮರಿನ ಈ ಲವಣ ಎಂಬುದನ್ನು ಅಮೆರಿಕದ ಗಣಿ ಇಲಾಖೆಯಾದ ಬ್ಯೂರೋ ಆಫ್ ಮೈನ್ಸಿನ ವಿಲ್ಬರ್ಟ್ ಹಫ್ 1922ರಲ್ಲಿ ತೋರಿಸಿಕೊಟ್ಟರು. ಲವಣ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಳೆಯ ಸೇನಾ ತೋಟಾ ಹಾರಿಸಿದ ರೈಫಲ್ಲಿಗೆ ಬರಿಯ ಎಣ್ಣೆ ಹಾಕಿ ಇಟ್ಟವರ ನಳಿಗೆ ತುಕ್ಕು ಹಿಡಿಯುವುದು ಇದರಿಂದಲೇ. ಮೊದಲು ಬಿಸಿನೀರು ಹಾಯಿಸಿ ಒಣಗಿಸಿ, ಆಮೇಲೆ ಎಣ್ಣೆ. 1920ರ ದಶಕದ ಕೊನೆಯ ಹೊತ್ತಿಗೆ ಲೆಡ್ ಸ್ಟಿಫ್ನೇಟ್ ಆಧಾರದ, ತುಕ್ಕು ಹಿಡಿಸದ ಪ್ರೈಮರುಗಳು ಮಾರುಕಟ್ಟೆಗೆ ಬಂದವು, ಇಂದು ಬಹುತೇಕ ಎಲ್ಲೆಡೆ ಅವೇ ಇವೆ. ಚೆನ್ನಾಗಿ ಇಟ್ಟರೆ ಅವು ದಶಕಗಟ್ಟಲೆ ಬಾಳುತ್ತವೆ.

ಚೆನ್ನಾಗಿ ಇಡುವುದು ಎಂಬ ಮಾತು ನಮ್ಮ ಮಳೆನಾಡಿನಲ್ಲಿ ಸುಲಭದ್ದಲ್ಲ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯಿದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಪೂಜೆಗೆ ಇಡುವ ಕೋವಿ ಅದಕ್ಕೂ ಮುಂಚಿನ ಮೂರು ತಿಂಗಳು ಜಡಿಮಳೆಯ ತೇವದಲ್ಲಿ ಗೋಡೆಗೆ ಒರಗಿ ಇದ್ದದ್ದು. ತೋಟಾಗಳು ಅದೇ ಮನೆಯಲ್ಲಿ, ಅನೇಕ ಸಲ ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ಇರುತ್ತವೆ. ಚರ್ಮ ಹದ ಮಾಡಿದ ಆಮ್ಲ ಮತ್ತು ತೇವ ಸೇರಿ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಬೆಲ್ಟು ಬೇಟೆಯ ಕಾಲದ ಚಿತ್ರಗಳಲ್ಲಿ ಚೆನ್ನ, ತೋಟಾ ಇಡಲು ತಕ್ಕುದಲ್ಲ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಒಲೆಯಿಂದ ದೂರದ ತಂಪಾದ ಕಪಾಟು, ಅದಕ್ಕೆ ಬೀಗ ಇಷ್ಟು ಸಾಕು. ತೋಟಾಗೆ ಎಣ್ಣೆ ಸವರಿ ಒರೆಸಿ ಇಡುವ ಅಭ್ಯಾಸವನ್ನು ಬಿಡಿ. ಸಂದುಗಳಲ್ಲಿ ಇಳಿಯುವಂತೆ ಮಾಡಿದ ತೆಳು ಎಣ್ಣೆ, ಅರಗು ಹಚ್ಚದ ಪ್ರೈಮರಿನ ಅಂಚಿನಿಂದ ಒಳಗಿಳಿದು ಮಿಶ್ರಣವನ್ನು ಮಂದ ಮಾಡಬಲ್ಲದು. ಎಣ್ಣೆಯ ತೋಟಾ ಚೇಂಬರಿನ ಗೋಡೆಯನ್ನು ಹಿಡಿಯದೆ ಬೋಲ್ಟಿನ ಮೇಲೆ ಹೆಚ್ಚಿನ ಭಾರವನ್ನೂ ಹಾಕುತ್ತದೆ.

ಮಾತು ಮುಗಿದ ಮೇಲೆ ಯುವ ಗುರಿಕಾರರೊಬ್ಬರು .22 ರೈಫಲ್ಲಿನ ಬಗ್ಗೆ ಕೇಳಿದರು, ಕೇಳಲೇಬೇಕಾದ ಪ್ರಶ್ನೆ ಅದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆ ಆ ತೋಟಾದ್ದೇ. ಅದರಲ್ಲಿ ಬೇರೆಯಾದ ಪ್ರೈಮರ್ ಇಲ್ಲ. ತೇವದ ಮಿಶ್ರಣವನ್ನು ಕೇಸಿನೊಳಗೆ ಹಾಕಿ ಗಿರಗಿರನೆ ತಿರುಗಿಸಿ ಬುಡದ ಅಂಚಿನ ಮಡಿಕೆಯೊಳಗೆ ಹರಡಿ ಒಣಗಿಸುತ್ತಾರೆ, ಆನ್ವಿಲ್ಲಿನ ಕೆಲಸ ಚೇಂಬರಿನ ಅಂಚು ಮಾಡುತ್ತದೆ. ಮಡಿಕೆಯ ಒಂದು ಭಾಗಕ್ಕೆ ಮಿಶ್ರಣ ತಲುಪಿರದಿದ್ದರೆ, ಪಿನ್ ಆ ಭಾಗಕ್ಕೆ ಬಡಿದಾಗ ಉರಿಯುವುದಿಲ್ಲ. ಕಾದು, ತೆಗೆದು, ಅರ್ಧ ಸುತ್ತು ತಿರುಗಿಸಿ ಹಾಕಿದರೆ ಹಾಗಿರುವ ತೋಟಾ ಉರಿಯುತ್ತದೆ. ಹಾಗೆ ತಿರುಗಿಸಿದಾಗಲೆಲ್ಲ ಉರಿದು, ಪೆಟ್ಟಿಗೆ ಬದಲಿಸಿದರೆ ಸಮಸ್ಯೆಯೂ ಮಾಯವಾದರೆ ದೋಷ ತೋಟಾದ್ದು. ಬೇರೆ ಬೇರೆ ಕಂಪನಿಯ ತೋಟಾಗಳೂ ಅದೇ ರೈಫಲ್ಲಿನಲ್ಲಿ ತೆಳು ನೆಗ್ಗಿನೊಡನೆ ಉಳಿಯುತ್ತಿದ್ದರೆ ಚೇಂಬರಿನ ಅಂಚನ್ನು ನೋಡಿಸಿ. ತೋಟಾ ಇಲ್ಲದೆ ಪದೇಪದೇ ಟ್ರಿಗರ್ ಒತ್ತಿದ ಹಳೆಯ .22ಗಳಲ್ಲಿ ಪಿನ್ ಆ ಅಂಚಿಗೇ ಬಡಿದು ಗುಳಿ ಬಿದ್ದಿರುತ್ತದೆ.

ಮತ್ತೊಬ್ಬರು, ಉರಿಯದ ತೋಟಾವನ್ನು ತಾವೇ ಬಿಚ್ಚಿ ನೋಡಬಹುದೇ ಎಂದು ಕೇಳಿದರು. ಬೇಡ. ಸಜೀವ ಪ್ರೈಮರನ್ನು ಹೊರಗೆ ಕುಟ್ಟುವುದಾಗಲಿ, ಗುಂಡನ್ನು ಇಕ್ಕಳದಿಂದ ಎಳೆಯುವುದಾಗಲಿ ಮನೆಯ ಕೆಲಸವಲ್ಲ, ನಮ್ಮ ಕಾನೂನಿಗೂ ಅದು ಒಪ್ಪುವುದಿಲ್ಲ. ಆ ತೋಟಾವನ್ನು ಬೇರೆಯಾಗಿ ಲಕೋಟೆಯಲ್ಲಿಟ್ಟು, ಪರವಾನಗಿ ಹೊಂದಿದ ಮಾರಾಟಗಾರರಿಗೆ ಅಥವಾ ರೇಂಜಿನ ಅಧಿಕಾರಿಗೆ ಕೊಡಿ. ಲಕೋಟೆಯ ಮೇಲೆ ಯಾವ ರೈಫಲ್, ಯಾವ ದಿನ, ಮಳೆಯೋ ಬಿಸಿಲೋ, ಎಷ್ಟು ಸಲ ಬಡಿಯಿತು, ಎಷ್ಟು ಹೊತ್ತು ಕಾದಿರಿ, ಅದೇ ಪೆಟ್ಟಿಗೆಯ ಉಳಿದ ತೋಟಾಗಳು ಹೇಗಿದ್ದವು ಎಂದು ಬರೆಯಿರಿ. ಒಂದೇ ಪೆಟ್ಟಿಗೆಯಲ್ಲಿ ಎರಡನೆಯದೂ ಆಳವಾದ ನೆಗ್ಗಿನೊಡನೆ ಉರಿಯದೆ ಉಳಿದರೆ ಇಡೀ ಪೆಟ್ಟಿಗೆಯನ್ನು ಎತ್ತಿಡಿ. ಆ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಎಸೆಯಬೇಡಿ. ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ, ಅಚ್ಚಾಗಿರುವುದು ಪೆಟ್ಟಿಗೆಯ ಮೇಲೆಯೇ, ಅದಿಲ್ಲದೆ ಕಾರ್ಖಾನೆ ತನ್ನ ದಾಖಲೆಯಲ್ಲಿ ಆ ಪ್ರೈಮರುಗಳನ್ನು ಹುಡುಕಿ ತೆಗೆಯಲಾರದು.